ಹೆಸರು ಬರುವ ಒಡಪು

"ನಾಟಕ ಮಾಡಾಕತ್ತಾನ ನನ್ನ ತಮ್ಮ. ಚಹಾಕ್ಕ ಸಕ್ರಿ ಜಾಸ್ತಿ ಬೇಕನ್ನೂದು ನೆನಪೈತಿ, ಕಟಗೊಂಡ ಹೆಂಡ್ತಿ ನೆನಪಿಲ್ಲಂತ!"

ಸುಮನತಾಯಿಯ ದನಿ ಕೊಲ್ಹಾಪುರದ ಆಸ್ಪತ್ರೆಯ ಪಡಸಾಲೆಯುದ್ದಕ್ಕೂ ಕೇಳಿಸಿತು. ಅವಳ ತಮ್ಮನ ಹೆಂಡತಿ ಶೇವಂತಾ ಮಾತ್ರ ಕಿಟಕಿಯ ಬಳಿಯ ಬೆಂಚನ್ನೇ ನೋಡುತ್ತಿದ್ದಳು. ಅಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವನು ಅವಳ ಗಂಡ. ಮಗಳ ಚಿತೆಯಿಂದ ಮನೆಗೆ ಬಂದು, ಹಾಲು ತರುತ್ತೇನೆಂದು ಹೊರಟವನು ವರ್ಷದ ನಂತರ ನಾಂದೇಡದ ಚಹಾದಂಗಡಿಯೊಂದರಲ್ಲಿ ಸಿಕ್ಕಿದ್ದ. ತನ್ನ ಹೆಸರು ಮಾರುತಿ ಎನ್ನುತ್ತಿದ್ದ.

"ನಾಟಕ ಅಲ್ರೀ ತಾಯಿ," ಎಂದರು ಡಾಕ್ಟರ್ ಕೇತಕರ್ ಬಾಯಿ. "ತಲೀಗಿ ಪೆಟ್ಟೂ ಬಿದ್ದಿಲ್ಲ. ಹೊರಲಾಗದ ದುಃಖಾನ ಮನಸ್ಸು ಬ್ಯಾರೆ ಇಟ್ಟೈತಿ. ಅದರ ಜೋಡಿ ಮನಿ, ಹೆಸರು, ಹೆಂಡ್ತಿ, ಎಲ್ಲಾ ಆ ಕಡೆ ಹೋಗ್ಯಾವ. ಜುಲುಮಿ ಮಾಡಬ್ಯಾಡ್ರಿ. ಶೇವಂತಾಬಾಯಿ, ನಿಮ್ಮ ದನಿಯೊಳಗ ಒಮ್ಮೆ ಅವರ ಹೆಸರು ಕೇಳಿಸ್ರಿ, ಸಾಕು."

"ಅಯ್ಯ, ಅವರ ಹೆಸರು ನಾ ಹ್ಯಾಂಗ ಹೇಳ್ಲಿ?"

"ಹೇಳ ಮಾರಾಯ್ತಿ," ಎಂದಳು ಸುಮನತಾಯಿ. "ನಾ ಕೂಗಿ ಕೂಗಿ ಗಂಟಲ ಹರಕೊಂಡೀನಿ. 'ಯಾರ‍್ರೀ ಬಾಯಿ ನೀವು' ಅಂತಾನ."

ಶೇವಂತಾ ಬೆಂಚಿನ ಬಳಿ ಹೋಗಿ ನಿಂತಳು. ಸಂಸಾರವಿಡೀ ಅವನನ್ನು ಕರೆದ ಶಬ್ದ ಒಂದೇ.

"ಅಹೋ."

ಅವನು ತಿರುಗಿ ನೋಡಿದ. ಅವಳು ಕರೆದದ್ದು ಯಾರನ್ನು ಎಂದು ತಿಳಿಯಲು ತನ್ನ ಬೆನ್ನ ಹಿಂದೆಯೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಗಂಡನ ಹೆಸರನ್ನು ಹೆಂಡತಿ ಬಾಯಿ ಬಿಟ್ಟು ಹೇಳಲು ಅವರಲ್ಲಿದ್ದ ದಾರಿ ಒಂದೇ. ಶೇವಂತಾ ಸೆರಗನ್ನು ತಲೆಯ ಮೇಲೆಳೆದುಕೊಂಡು, ಮದುವೆಯಲ್ಲಿ ಹೊಸ್ತಿಲು ದಾಟುವಾಗ ಅವನ ಹೆಸರು ಸೇರಿಸಿ ಹೇಳಿದ್ದ ಒಡಪನ್ನು ಹೇಳಿದಳು:

"ಕಬ್ಬಿನ ಗಾಣದಾಗ ಬೆಲ್ಲದ ಪಾಕ,
ಯಶವಂತರಾವ್ ನಕ್ಕರ ಹಸಿವಿ ಯಾಕ?"

ಅವನ ಕೈಯಲ್ಲಿದ್ದ ಬಟ್ಟಲು ತುಟಿಯ ಬಳಿಯೇ ನಿಂತಿತು. ಅನಂತರ ಅವನು ಮನಸಾರೆ ನಕ್ಕ.

"ವಾಹ್ ವಹಿನಿ! ಯಶವಂತರಾವ್ ಪುಣ್ಯವಂತರು ಬಿಡ್ರಿ. ಎಲ್ಲದಾರ ಅವರು?"

ವಹಿನಿ. ಅತ್ತಿಗೆ. ಶೇವಂತಾ ಆ ಶಬ್ದವನ್ನು ನುಂಗಿಕೊಂಡಳು.

"ದೂರ ಹೋಗ್ಯಾರ. ಬರೋರದಾರ."

"ಹಂಗಾರ ಬರೂತನಕ ಕೂಡ್ರಿ," ಎಂದು ಅವನು ಬೆಂಚಿನ ಮೇಲೆ ಪಕ್ಕಕ್ಕೆ ಸರಿದ. ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನೋಡಿ, ಸಂಕೋಚದಿಂದ ಕೇಳಿದ: "ಅದನ್ನ ಇನ್ನೊಮ್ಮೆ ಹೇಳ್ತೀರೇನು?"

ಅವಳು ಬೆಂಚಿನ ತುದಿಯಲ್ಲಿ ಕುಳಿತು ಮತ್ತೆ ಆರಂಭಿಸಿದಳು. ಹೆಸರು ಬರುವಲ್ಲಿ ಅವಳ ದನಿ ತಗ್ಗಿತು. ಕೇಳಿಸಿಕೊಳ್ಳಲು ಅವನು ಅವಳತ್ತ ತುಸು ಬಾಗಿದ.