ನಾನೂರು ಗ್ರಾಮಿನ ರೋಜಾ

ಆವತ್ತು ನಾಜಿಯಾಳಿಗೆ ಒಂದು ಕಡೆ ದೇವರು, ಇನ್ನೊಂದು ಕಡೆ ಅರ್ಥಶಾಸ್ತ್ರದ ಟೆಸ್ಟು, ಮತ್ತೊಂದು ಕಡೆ ಕುಸ್ತಿ. ಮೂರೂ ಒಂದೇ ದಿನ ಬಂದಿಳಿದ ಬೀಗರ ಹಾಗೆ, ಯಾರಿಗೂ ಉಪಚಾರ ಕಡಿಮೆ ಮಾಡುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈ ಹುಡುಗಿ ಮಾತ್ರ ಬಸ್ಸಿನಲ್ಲಿ ನಿಂತಲ್ಲೇ ಕುಣಿಯುತ್ತ ಹಳಿಯಾಳದ ಕಾಲೇಜು ತಲುಪಿದಳು.

ಸಂಜೆ ಐದಕ್ಕೆ ಕಾಲೇಜು ಕುಸ್ತಿ ತಂಡದ ತೂಕವಿತ್ತು. ಐವತ್ತು ಕೆ.ಜಿ. ವರ್ಗಕ್ಕೆ ಅವಳೊಬ್ಬಳೇ. ತೂಕ ಸರಿ ಬಂದರೆ ಸಾಕು, ಅಂತರ ಕಾಲೇಜು ಪಂದ್ಯಕ್ಕೆ ಹೆಸರು ಹೋದಂತೆಯೇ. ಆದರೆ ಹಿಂದಿನ ಸಂಜೆ ಊರಿನ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲ ಇಳಿಸಿ ತೂಕದ ಯಂತ್ರದ ಮೇಲೆ ತಾನೇ ನಿಂತಾಗ ಐವತ್ತರ ಮೇಲೆ ನಾನೂರು ಗ್ರಾಂ ತೋರಿಸಿತ್ತು. ಹೆಚ್ಚಾದರೆ ಐವತ್ಮೂರರ ವರ್ಗ. ಅಲ್ಲಿ ಶಿವಗಂಗಾ ಇದ್ದಳು. ಹೋದ ವರ್ಷ ನಾಲ್ಕು ಸಲ ಹಿಡಿದು ನಾಲ್ಕು ಸಲವೂ ನಾಜಿಯಾಳನ್ನು ಚಿತ್ ಮಾಡಿದವಳು. ತಂಡದಲ್ಲಿ ಅಲ್ಲಿಯೂ ಒಂದೇ ಜಾಗ.

ಹೋದ ರಮಜಾನಿನಲ್ಲಿ ಮುಟ್ಟಿನ ದಿನಗಳಲ್ಲಿ ತಪ್ಪಿದ ಆರು ರೋಜಾ ಉಪವಾಸಗಳಲ್ಲಿ ಐದನ್ನು ಅವಳು ತೀರಿಸಿದ್ದಳು. ಉಳಿದದ್ದು ಒಂದು, ಮುಂದಿನ ರಮಜಾನಿಗೆ ಇನ್ನು ಇಪ್ಪತ್ತೇ ದಿನ. ಅದನ್ನು ಇವತ್ತೇ ಹಿಡಿದಳು. ಬೆಳಕು ಹರಿಯುವ ಮೊದಲಿನ ಸಹರಿ ಊಟಕ್ಕೆ ರೊಟ್ಟಿ ಹಾಕುತ್ತ ಅಜ್ಜಿ ಉಪವಾಸದ ಸಂಕಲ್ಪದ ಬಗ್ಗೆ ಕೇಳಿದ್ದಳು, “ನಿಯ್ಯತ್ತು ಯಾರ ಸಲುವಾಗಿ, ಮಗಳ?”

“ಅಲ್ಲಾಹನ ಸಲುವಾಗಿ. ಮತ್ತ ಯಾರ ಸಲುವಾಗಿ?” ಎಂದು ನಾಜಿಯಾ ಜಡೆ ಹೆಣೆಯತೊಡಗಿದ್ದಳು. ಎರಡು ರೊಟ್ಟಿಯಲ್ಲಿ ಒಂದನ್ನು ಬುಟ್ಟಿಗೆ ವಾಪಸು ಹಾಕಿದ್ದು ಮಾತ್ರ ಯಾರಿಗೂ ಕಾಣಲಿಲ್ಲ.

ಹತ್ತಕ್ಕೆ ಟೆಸ್ಟು. ಬೇಡಿಕೆಯ ನಿಯಮ ಬರೆಯಲು ಹೇಳಿದ್ದರು. ಹೊಟ್ಟೆ ತಾಳ ಹಾಕುತ್ತಿದ್ದರೂ ಪೆನ್ನು ನಿಲ್ಲಲಿಲ್ಲ, ಎರಡು ಹಾಳೆ ಹೆಚ್ಚಿಗೆ ಕೇಳಿ ಪಡೆದಳು. ಹೊರಗೆ ಬಂದರೆ ಸ್ಟೆಲ್ಲಾ ಗಿರ್ಮಿಟ್ ಹಿಡಿದು ನಿಂತಿದ್ದಳು. ಇಬ್ಬರೂ ಒಂದೇ ಊರಿನ ಸಿದ್ದಿ ಹುಡುಗಿಯರು. ಒಬ್ಬಳು ಚರ್ಚಿಗೆ, ಒಬ್ಬಳು ಮಸೀದಿಯ ಓಣಿಗೆ ಸೇರಿದವಳು, ಅಷ್ಟೇ.

“ನಮ್ಮ ಉಪವಾಸದಾಗ ಮೀನರ ತಿನ್ನಾಕ ಬರ್ತೈತಿ. ನಿಮ್ಮದು ಭಾಳ ಕಠಿಣ ಬಿಡವಾ,” ಎಂದಳು ಸ್ಟೆಲ್ಲಾ, ಬಾಯಿ ತುಂಬ ಮಂಡಕ್ಕಿ. “ಆದರ ಒಂದ ಮಾತ ಕೇಳ್ತೇನಿ. ಇಷ್ಟ ದಿನ ಬಿಟ್ಟು ಇವತ್ತ ಯಾಕ ಹಿಡದಿ? ಸ್ವಾಮಿಕಾರ್ಯದ ಜೋಡಿ ಸ್ವಕಾರ್ಯನೂ ಆಗ್ಲಿ ಅಂತೇನ?”

ನಾಜಿಯಾ ನಕ್ಕಳು. ನಕ್ಕರೂ ಮಾತು ಸೀದಾ ಹೋಗಿ ಚುಚ್ಚಿತು. ನಿಜ ಹೇಳಬೇಕೆಂದರೆ ಉತ್ತರ ಅವಳಿಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಒಂದು ತಾಸು ಪಾಠವಿಲ್ಲದಾಗ ಉಳಿದವರೆಲ್ಲ ಹರಟೆಗೆ ಹೋದರು, ಇವಳು ಹುಡುಗಿಯರ ಕೋಣೆಯ ಮೂಲೆಯಲ್ಲಿ ಓಢಣಿ ಹಾಸಿ ನಮಾಜಿಗೆ ನಿಂತಳು. ಹಣೆ ನೆಲಕ್ಕಿಟ್ಟರೆ ಕಣ್ಣ ಮುಂದೆ ತೂಕದ ಯಂತ್ರದ ಕೆಂಪು ಅಂಕಿ. ಥೂ, ಎಂಥ ಭಕ್ತಿ ನಂದು ಎಂದು ನಾಚಿಕೆಯಾಯಿತು. ಆದರೂ ಎದೆಯೊಳಗಿನ ಖುಷಿ ಇಳಿಯಲೊಲ್ಲದು.

ಐದಾಯಿತು. ಯಂತ್ರವಿಲ್ಲ. ಕುಸ್ತಿ ಕಲಿಸುವ ಯಲ್ಲಪ್ಪ ಸರ್ ಅದನ್ನು ದಾಂಡೇಲಿಯಿಂದ ತರುತ್ತಿದ್ದರು, ಬಸ್ಸು ಅಂಬೇವಾಡಿ ದಾಟುವ ಮೊದಲೇ ಪಂಕ್ಚರ್. ಅವರು ಬೆವರು ಒರೆಸುತ್ತ ಬಂದು ಯಂತ್ರ ಇಟ್ಟಾಗ ಆರಾಗಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿ ಇಳಿದರು. ಕೊನೆಗೆ ನಾಜಿಯಾ ಚಪ್ಪಲಿ ಬಿಟ್ಟಳು, ಅಷ್ಟರಲ್ಲಿ ಮಸೀದಿಯಿಂದ ಮಗ್ರಿಬಿನ ಆಜಾನ್, ಸೂರ್ಯ ಮುಳುಗಿ ರೋಜಾ ಬಿಡುವ ಹೊತ್ತಿನ ಕರೆ, ಕೇಳಿಸಿತು.

ಸ್ಟೆಲ್ಲಾ ಖರ್ಜೂರ, ಅರ್ಧ ಲೀಟರಿನ ನೀರಿನ ಬಾಟಲಿ ಮುಂದೆ ಹಿಡಿದಳು.

“ಎರಡ ನಿಮಿಷ ತಡಿಯವಾ,” ಎಂದರು ಸರ್. “ಮೊದಲ ತೂಕ ಆಗ್ಲಿ. ಆಮ್ಯಾಲ ಬೇಕಾದಷ್ಟ ಕುಡಿ.”

ಎರಡು ನಿಮಿಷ ಏನು ಮಹಾ ಎಂದು ನೀವೂ ಹೇಳುತ್ತೀರಿ. ನಾಜಿಯಾ ನಿಂತಳು. ಬೆಳಗಿನಿಂದ ದೇವರ ಹಸಿವು ಯಾವುದು, ತೂಕದ ಹಸಿವು ಯಾವುದು ಎಂದು ಬೇರ್ಪಡಿಸಲಾಗದೆ ಒದ್ದಾಡಿದ್ದಳು. ಈಗ ಎರಡೂ ತಾವಾಗಿಯೇ ಬೇರೆಯಾಗಿದ್ದವು. ರೋಜಾ ಮುಗಿದಿತ್ತು. ಇನ್ನು ಒಂದು ಗಳಿಗೆ ಬಾಯಾರಿ ನಿಂತರೂ ಅದು ಯಂತ್ರದ ಸಲುವಾಗಿ, ಮತ್ತು ಹಾಗೆ ನಿಂತರೆ ಬೆಳಗಿನಿಂದ ಯಾರ ಸಲುವಾಗಿ ಹಸಿದಿದ್ದಳೆಂಬುದೂ ಇತ್ಯರ್ಥವಾದಂತೆಯೇ.

ಖರ್ಜೂರ ಬಾಯಿಗಿಟ್ಟಳು. ಬಾಟಲಿ ಎತ್ತಿ ಗಟಗಟ ಕುಡಿದಳು, ಕೊನೆಯ ಹನಿವರೆಗೆ. ಆಮೇಲೆ ಯಂತ್ರ ಹತ್ತಿದಳು.

ಐವತ್ತು ಕೆ.ಜಿ. ಮುನ್ನೂರು ಗ್ರಾಂ.

ಲೆಕ್ಕ ಎಲ್ಲರಿಗೂ ಬರುತ್ತಿತ್ತು. ಸರ್ ಹಣೆ ಚಚ್ಚಿಕೊಂಡರು. “ಅರ್ಧ ಲೀಟರ್ ನೀರು, ನಾಜಿಯಾ. ಕುಡೀಲಾರದ ಹತ್ತಿದ್ದರ ಗೆದ್ದಿದ್ದಿ.”

“ಐವತ್ಮೂರಕ್ಕ ಬರಕೋರಿ ಸರ್,” ಎಂದಳು ನಾಜಿಯಾ. ಅವಳಿಗೆ ಅಳು ಬರಬೇಕಿತ್ತು, ಯಾಕೋ ಮೈಯೆಲ್ಲ ಹಗುರಾಗಿ ನಗು ಬರುತ್ತಿತ್ತು. “ಐದ ನಿಮಿಷ ಕೊಡ್ರಿ. ನಮಾಜ ಮುಗಿಸಿ ಬರ್ತೇನಿ, ಶಿವಗಂಗಾನ ಜೋಡಿ ಈಗ ಹಿಡೀತೇನಿ.”

ಶಿವಗಂಗಾ ಬೂಟಿನ ಲಾಡಿ ಬಿಗಿಯುತ್ತ, “ಏನರ ತಿಂದ ಬಾ. ಬರೇ ಹೊಟ್ಟಿಯಾಕಿನ್ನ ಕೆಡವಿದರ ನನಗೇನ ಹೆಸರ ಬರ್ತೈತಿ?” ಎಂದಳು.

ಗಿರ್ಮಿಟ್ ತಿಂದೇ ಬಂದಳು. ಹಿಡಿದರು. ಒಂದು ನಿಮಿಷಕ್ಕೆ ಮುಗಿಯುತ್ತದೆಂದು ಎಲ್ಲರೂ ಬಗೆದಿದ್ದ ಕುಸ್ತಿ ಪೂರಾ ಆರು ನಿಮಿಷ ನಡೆಯಿತು. ನಾಜಿಯಾ ಎರಡು ಸಲ ಶಿವಗಂಗಾಳ ಕಾಲು ಎಳೆದು ಬೀಳಿಸಿದಳು, ಸ್ಟೆಲ್ಲಾ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಳು. ಕೊನೆಗೆ ಒಂದೇ ಒಂದು ಅಂಕದಿಂದ ನಾಜಿಯಾ ಸೋತಳು. ತಂಡದ ಜಾಗ ಹೋಯಿತು.

ಇಬ್ಬರೂ ಮ್ಯಾಟಿನ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದರು. ಸೋತವಳು ನಗುತ್ತಿದ್ದಳು. ಗೆದ್ದವಳು ಮೆಲ್ಲಗೆ ಕತ್ತು ತಿರುಗಿಸಿ ಸ್ಟೆಲ್ಲಾಳಿಗೆ ಕೈ ಮುಗಿದಳು.

“ನಿನ್ನ ಕಾಲ ಬೀಳ್ತೇನವಾ, ಮುಂದಿನ ಸಲ ತೂಕ ಮುಗಿಯೂತನಾ ಈಕಿಗೆ ನೀರ ಕೊಡಬ್ಯಾಡ.”