ಕತಾರಿನ ಮರಳು ಹಾಡುತ್ತದಂತೆ

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ನಿರುಪಮಾಳನ್ನು ಟೆಕ್ಸಸ್ಸಿನ ಕನ್ನಡದವರೆಲ್ಲ ಸೇರಿ ಬಿಟ್ಟಿ ಟ್ರಾವೆಲ್ ಏಜೆಂಟ್ ಮಾಡಿಕೊಂಡಿದ್ದರು ಅಂದರೆ ತಪ್ಪೇನಿಲ್ಲ. ಡಲ್ಲಾಸಿನವರು ಊರಿಗೆ ಹೊರಟರೂ ಅವಳಿಗೇ ಫೋನು, ಆಸ್ಟಿನ್ನಿನವರು ಹೊರಟರೂ ಅವಳಿಗೇ ಫೋನು. ಯಾವ ವಿಮಾನ ಒಳ್ಳೆಯದು, ದಾರಿಯಲ್ಲಿ ಎಲ್ಲಿ ಎರಡು ದಿನ ಇಳಿಯಬಹುದು, ಇಳಿದರೆ ಏನು ನೋಡಬೇಕು, ನೋಡಿದ ಮೇಲೆ ಇಡ್ಲಿ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಅವಳೇ ಹುಡುಕಿ ಹೇಳಬೇಕು. ಹೇಳುತ್ತಿದ್ದಳು ಕೂಡ, ಪುಣ್ಯಾತ್ಗಿತ್ತಿ! ಮದುವೆಗೆ ಮುಂಚೆ ಮೈಸೂರಿನ ಸ್ಕೂಲೊಂದರಲ್ಲಿ ಭೂಗೋಳದ ಮೇಡಂ ಆಗಿದ್ದವಳು. ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಅಲ್ಲಿಯ ಮಣ್ಣು ಯಾವ ಬಣ್ಣ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ತಿಳಿದುಕೊಳ್ಳದೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಊರವರನ್ನೆಲ್ಲ ಹೀಗೆ ಲೋಕ ಸುತ್ತಿಸುವ ಹೆಂಗಸು ತಾನು ಮಾತ್ರ ಏಳು ವರ್ಷದಿಂದ ಅಮೆರಿಕ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಕಾರಣ ಈ ವೀಸಾ ಅನ್ನುವ ಪೀಡೆ. ಪಾಸ್‌ಪೋರ್ಟಿನೊಳಗಿನ ಸ್ಟಾಂಪಿನ ಅವಧಿ ಎಂದೋ ಮುಗಿದಿತ್ತು. ಇಲ್ಲೇ ಇದ್ದರೆ ಯಾವ ತೊಂದರೆಯೂ ಇಲ್ಲ. ಒಮ್ಮೆ ಹೊರಗೆ ಹೋದರೆ ಮಾತ್ರ ಇಂಡಿಯಾದ ಅಮೆರಿಕನ್ ಕಾನ್ಸುಲೇಟಿನಲ್ಲಿ ಮತ್ತೆ ಇಂಟರ್‌ವ್ಯೂಗೆ ನಿಂತು ಹೊಸ ಸ್ಟಾಂಪು ಹಾಕಿಸಿಕೊಂಡೇ ಒಳಗೆ ಬರಬೇಕು. ಆಸ್ಟಿನ್ನಿನ ಅವಳ ಗೆಳತಿ ಅನಘಾ ತಮ್ಮನ ಮದುವೆಗೆ ಅಂತ ಹೋದವಳು, 'ಪರಿಶೀಲನೆಯಲ್ಲಿದೆ' ಅನ್ನಿಸಿಕೊಂಡು ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಅವಳ ಗಂಡ ಇಲ್ಲಿ ಫ್ರೋಜನ್ ಪರೋಟ ತಿಂದು ತಿಂದು ಅರ್ಧವಾಗಿ ಹೋಗಿದ್ದ. ಅದನ್ನು ಕಣ್ಣಾರೆ ಕಂಡ ಮೇಲೆ ನಿರುಪಮಾಳ ಗಂಡ ಶ್ರೀಕರ್ ಊರಿನ ಮಾತೆತ್ತಿದರೆ ಸಾಕು, "ಗ್ರೀನ್ ಕಾರ್ಡ್ ಬರ್ಲಿ ಕಣೇ, ಆಮೇಲೆ ಜಗತ್ತೆಲ್ಲ ಸುತ್ತೋಣ" ಅನ್ನುತ್ತಿದ್ದ. ಆ ಕಾರ್ಡು ಯಾವ ಕಾಲಕ್ಕೆ ಬರುತ್ತದೋ ದೇವರೇ ಬಲ್ಲ.

ಎರಡು ಸಾವಿರದ ಹದಿನೆಂಟರ ಡಿಸೆಂಬರಿನಲ್ಲಿ ಡಲ್ಲಾಸ್ ಹತ್ತಿರದ ಫ್ಲವರ್ ಮೌಂಡಿನ ಪ್ರಹ್ಲಾದನ ಮನೆಯವರೂ ಆಸ್ಟಿನ್ನಿನ ಪ್ರತಾಪನ ಮನೆಯವರೂ ಒಟ್ಟಿಗೆ ಊರಿಗೆ ಹೊರಟರು. ದೋಹಾದಲ್ಲಿ ಎರಡು ದಿನ ಇಳಿದು ಕತಾರ್ ನೋಡಿಕೊಂಡು ಹೋಗುವುದು ಅಂತಾಯಿತು. ಭಾನುವಾರ ಕಾನ್ಫರೆನ್ಸ್ ಕಾಲ್. ನಿರುಪಮಾ ಉತ್ಸಾಹದಿಂದ ಶುರು ಮಾಡಿದಳು. ಮರುಭೂಮಿಯ ನಡುವೆಯೇ ನುಗ್ಗಿ ಬಂದಿರುವ ಸಮುದ್ರವಿದೆ, ಗಾಳಿ ಕೊರೆದು ಅಣಬೆಯ ಹಾಗೆ ನಿಲ್ಲಿಸಿದ ಬಂಡೆಗಳಿವೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿದೆ. ಕೊನೆಗೆ, "ಆಮೇಲೆ ಹಾಡೋ ಮರಳಿನ ದಿಬ್ಬ" ಅಂದಳು.

"ಏನು, ಮರಳು ಹಾಡುತ್ತಾ? ಯಾವ ರಾಗ?" ಅಂತ ಪ್ರತಾಪ ನಕ್ಕ.

"ಮೇಲಿಂದ ಜಾರಿದ್ರೆ ಮರಳಿನ ಕಣ ಒಂದಕ್ಕೊಂದು ಉಜ್ಜಿ ಶಬ್ದ ಬರುತ್ತೆ. ಎಲ್ಲಾ ಮರುಭೂಮೀಲೂ ಬರಲ್ಲ. ಕೆಲವೇ ಕಡೆ."

"ನಿರುಪಮಾ, ಅಷ್ಟು ದೂರ ಹೋಗಿ ಮರಳು ಗುಡ್ಡೆ ಹತ್ತೋದೇನ್ರೀ? ಅಲ್ಲೊಂದು ಮಾಲ್ ಇದೆಯಂತೆ, ಒಳಗೇ ಕಾಲುವೆ, ದೋಣಿ ಎಲ್ಲಾ ಇದೆಯಂತೆ, ಅದು ಹಾಕಿ" ಅಂದ ಪ್ರಹ್ಲಾದ. ತಂಡದ ಲೀಡರ್ ತಾನೇ ಅಂತ ಅವನಿಗೆ ಅವನೇ ತೀರ್ಮಾನಿಸಿಕೊಂಡಿದ್ದ.

ನಿರುಪಮಾಳ ಮುಖ ಸಪ್ಪಗಾಯಿತು. ಎಂಟನೇ ಕ್ಲಾಸಿಗೆ ಮರುಭೂಮಿಯ ಪಾಠ ಮಾಡಿ ಮಾಡಿ ಅವಳಿಗೆ ಬಾಯಿಪಾಠವಾಗಿತ್ತು. ಮರಳು ಹಾಡುತ್ತದೆ ಅಂತ ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತಿದ್ದಳು, "ಹೆಂಗೆ ಹಾಡುತ್ತೆ ಮಿಸ್?" ಅಂತ ಪ್ರತಿ ವರ್ಷವೂ ಯಾವುದಾದರೊಂದು ಮಗು ಕೇಳುತ್ತಿತ್ತು, ಪ್ರತಿ ವರ್ಷವೂ ಇವಳು ಮಾತು ಹಾರಿಸುತ್ತಿದ್ದಳು. ಟೆಕ್ಸಸ್ಸಿಗೆ ಬಂದ ಮೇಲೆ ಶ್ರೀಕರ್ ಇಡೀ ದಿನ ಡ್ರೈವ್ ಮಾಡಿ ಮೊನಾಹನ್ಸಿನ ಮರಳುಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಇವಳು ಜಾರಿದ್ದೇ ಜಾರಿದ್ದು. ಮರಳು ತುಟಿ ಪಿಟಕ್ಕೆನ್ನಲಿಲ್ಲ, ಬುತ್ತಿಯ ಚಟ್ನಿಯೊಳಗೆ ಹೊಕ್ಕು ಕರಕರ ಅಂದದ್ದಷ್ಟೇ. ವಿಡಿಯೋಗಳನ್ನೂ ಸಾಕಷ್ಟು ನೋಡಿದ್ದಳು. ಒಂದರಲ್ಲಿ ಹಿನ್ನೆಲೆಗೆ ಡ್ರಮ್ಮು ಬಾರಿಸಿದ್ದರು, ಇನ್ನೊಂದರಲ್ಲಿ ಜನರ ಕಿರುಚಾಟ.

ಅಷ್ಟರಲ್ಲಿ ಫೋನಿನಿಂದ ಹೊಸದೊಂದು ದನಿ ಬಂತು. "ನಿಜವಾಗ್ಲೂ ಹಾಡ್ತದೇನವಾ ಉಸುಕು?"

ಅದು ಸರೋಜಮ್ಮ. ಪ್ರಹ್ಲಾದನ ಹೆಂಡತಿ ಸುಪ್ರಜಾಳ ತಾಯಿ, ಧಾರವಾಡದವರು. ಮಗಳ ಮನೆಯಲ್ಲಿ ಆರು ತಿಂಗಳಿದ್ದು ಈಗ ವಾಪಸು ಹೊರಟಿದ್ದರು. ಮಂಡಿನೋವಿನ ಮುದುಕಿ, ಹೋಟೆಲಿನಲ್ಲಿ ಬಿಟ್ಟು ಹೋದರಾಯಿತು ಅಂತ ಎಲ್ಲರೂ ಅವರನ್ನು ಲೆಕ್ಕದಿಂದಲೇ ತೆಗೆದಿದ್ದರು.

"ಹಾಡುತ್ತೆ ಅಂತಾರೆ ಅಮ್ಮಾ. ನಾನು ಕೇಳಿಲ್ಲ."

"ಹಂಗಾರ ನೋಡೇ ಬಿಡೂಣು. ಮಾಲ್ ನಮ್ಮ ಹುಬ್ಬಳ್ಳ್ಯಾಗೂ ಅದ."

ಅತ್ತೆಯ ಮಾತಿಗೆ ಅಳಿಯ ಎದುರಾಡುವುದುಂಟೇ? ಆಫೀಸಿನಲ್ಲಿ ಹತ್ತಾರು ಜನರನ್ನು ಕುಣಿಸುವ ಪ್ರಹ್ಲಾದ "ಆಗ್ಲಿ ಅತ್ತೆ" ಅಂದ. ಮರಳುದಿಬ್ಬ ಉಳಿಯಿತು. ಬೆಳಗಿನ ಜಾವವೇ ಹೊರಟು ಸೂರ್ಯ ಹುಟ್ಟುವಷ್ಟರಲ್ಲಿ ದಿಬ್ಬದ ಬುಡದಲ್ಲಿರಬೇಕು ಅಂತ ನಿರುಪಮಾ ಕಟ್ಟುನಿಟ್ಟು ಮಾಡಿದಳು. ಟೆಕ್ಸಸ್ಸಿನ ಕನ್ನಡದವರ ಪಿಕ್‌ನಿಕ್ಕೆಂದರೆ ಹಾಗೇ ತಾನೆ! ಬಿಸಿಲೇರುವ ಮೊದಲೇ ಜಮಖಾನ ಹಾಸಿ, ಪುಳಿಯೋಗರೆ ತಿಂದು, ಬಿಸಿಲೇರುವಷ್ಟರಲ್ಲಿ ಮನೆಗೆ ಓಡಿಬಂದು ಏಸಿ ಹಾಕಿಕೊಳ್ಳುವುದು.

ವಿಮಾನ ಹ್ಯೂಸ್ಟನ್ನಿನಿಂದ. ಹೊರಡುವ ದಿನ ಎಲ್ಲರಿಗೂ ನಿರುಪಮಾಳ ಮನೆಯಲ್ಲೇ ಊಟ. ಏರ್‌ಪೋರ್ಟಿನಲ್ಲಿ ಇಳಿಸುವಾಗ ಒಬ್ಬೊಬ್ಬರೂ "ಹೋಗಿ ಬರ್ತೀವಿ" ಅಂದರು. "ಹೋಗಿ ಬನ್ನಿ, ಹೋಗಿ ಬನ್ನಿ" ಅನ್ನುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಸರೋಜಮ್ಮ ಮಾತ್ರ ವೀಲ್‌ಚೇರಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

"ಇಷ್ಟೆಲ್ಲಾ ಆಸೆ ಇಟ್ಕೊಂಡೀ, ನೀ ಯಾಕ ಬರಂಗಿಲ್ಲ?"

ನಿರುಪಮಾ ವೀಸಾದ ಕಥೆ ಹೇಳಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡು, "ಅಂದ್ರ ಹೋಗಾಕ ಅಡ್ಡಿ ಇಲ್ಲ. ಬರಾಕ ಅಂಜಿಕಿ" ಅಂದರು. ನಿರುಪಮಾ ಮಾತು ಬದಲಿಸಿದಳು. "ಅಮ್ಮಾ, ಅದು ಹೇಗೆ ಹಾಡುತ್ತೆ ಅಂತ ಸರಿಯಾಗಿ ನೋಡ್ಕೊಂಡು ನನಗೆ ಹೇಳಿ. ಬೇರೆ ಯಾರನ್ನ ಕೇಳಿದ್ರೂ ಊಟ ಹೇಗಿತ್ತು ಅಂತ ಹೇಳ್ತಾರೆ" ಅಂದಳು. "ಆತವಾ, ಹೇಳ್ತೀನಿ, ಮಾತು ಕೊಟ್ಟೆ" ಅಂದರು ಸರೋಜಮ್ಮ.

ಮೊದಲ ದಿನದ ಫೋಟೋಗಳು ದಂಡಿಯಾಗಿ ಬಂದವು. ಅಣಬೆ ಬಂಡೆಯ ಮುಂದೆ ಪ್ರಹ್ಲಾದ, ಒಂಟೆಯ ಮುಂದೆ ಪ್ರಹ್ಲಾದ, ಮರುಭೂಮಿಯ ಸಮುದ್ರವನ್ನು ಅರ್ಧ ಮುಚ್ಚಿಕೊಂಡು ಮತ್ತೆ ಪ್ರಹ್ಲಾದ. ನಿರುಪಮಾ ಅವನ ಭುಜದ ಆಚೆ ಕಾಣುವ ನೀರಿನ ಬಣ್ಣವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

ಮರುದಿನ ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ ಊಟ ಮುಗಿದಿತ್ತು. ಪಾತ್ರೆ ತೊಳೆಯುತ್ತಿದ್ದಾಗಲೇ ಫೋನು ಬಂತು.

"ಏನ್ರೀ ನಿರುಪಮಾ, ನಿಮ್ಮ ಮರಳಿಗೆ ಗಂಟಲು ಕಟ್ಟಿದೆ!" ಅಂದ ಪ್ರಹ್ಲಾದ. ಹಿಂದಿನಿಂದ ಎಲ್ಲರ ನಗು. "ಎಲ್ಲಾರೂ ಜಾರಿದ್ವಿ. ಪ್ರತಾಪ ಎರಡು ಸಲ ಬಿದ್ದ. ಒಂದು ಕುಯ್ಯೂ ಇಲ್ಲ ಕಯ್ಯೂ ಇಲ್ಲ. ನಿಮ್ಮ ಮಾತು ನಂಬಿ ನಿದ್ದೆ ಕೆಡಿಸ್ಕೊಂಡ್ವಿ. ಮಾಲ್‌ಗೆ ಹೋಗ್ತೀವಿ, ಸಾಯಂಕಾಲ ಏರ್‌ಪೋರ್ಟು."

ನಿರುಪಮಾಳಿಗೆ ಅಳುವೇ ಬಂದುಬಿಟ್ಟಿತು. ನಾಚಿಕೆಯಾದದ್ದು ಹಾಗಿರಲಿ, ಮಕ್ಕಳಿಗೆಲ್ಲ ಸುಳ್ಳು ಪಾಠ ಹೇಳಿದೆನೇನೋ ಅಂತ ಸಂಕಟವಾಯಿತು. ಅಷ್ಟರಲ್ಲಿ ಕಸದ ಡಬ್ಬ ಹೊರಗಿಟ್ಟು ಬಂದ ಶ್ರೀಕರ್ ಕೈ ಒರೆಸಿಕೊಳ್ಳುತ್ತ, "ಕಾರಿನ ಗಾಜೆಲ್ಲ ಆಗ್ಲೇ ಒದ್ದೆಯಾಗಿದೆ. ಬೆಳಗ್ಗೆ ವೈಪರ್ ಹಾಕ್ದೆ ಏನೂ ಕಾಣಲ್ಲ" ಅಂದ.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಇಬ್ಬನಿ! ನನ್ನ ಬುದ್ಧಿಗೆ ಏನಾಗಿತ್ತು? ಅದೂ ಸಮುದ್ರದ ಪಕ್ಕದ ಮರುಭೂಮಿ. ಚಳಿಗಾಲದಲ್ಲಿ ಬೆಳಗ್ಗೆ ಮರಳೆಲ್ಲ ತೇವ ಇರುತ್ತೆ. ಒದ್ದೆ ಮರಳು ಒಂದಕ್ಕೊಂದು ಅಂಟ್ಕೊಂಡಿರುತ್ತೆ, ಹೇಗೆ ಹಾಡುತ್ತೆ? ಟೆಕ್ಸಸ್ ಬಿಸಿಲಿಗೆ ಹೆದ್ರಿ ಹೆದ್ರಿ ಎಲ್ಲಾನೂ ಬೆಳಗ್ಗೆಗೇ ಇಡೋ ಚಾಳಿ ಹತ್ಕೊಂಡಿದೆ ನನಗೆ!"

ಕೂಡಲೇ ವಾಪಸು ಫೋನು ಮಾಡಿದಳು. ಬಿಸಿಲು ಕಾದ ಮೇಲೆ, ಮಧ್ಯಾಹ್ನ, ಇನ್ನೊಂದು ಸಲ ಹೋಗಿ ಅಂತ ಬೇಡಿಕೊಂಡಳು. ಪ್ರಹ್ಲಾದ ಮೂಗು ಮುರಿದ. ಪ್ರತಾಪನ ಸೊಂಟ ಹಿಡಿದಿತ್ತು. ಬೇಡ ಬಿಡಿ ಅಂತ ಅವಳೇ ಇನ್ನೇನು ಹೇಳಬೇಕು, ಅಷ್ಟರಲ್ಲಿ ಸರೋಜಮ್ಮ ಅಳಿಯನ ಕೈಯಿಂದ ಫೋನು ಕಿತ್ತುಕೊಂಡರು.

"ನೀವೆಲ್ಲ ಮಾಲ್‌ನ್ಯಾಗ ದೋಣಿ ಹೊಡೀರಿ. ನಾನೂ ಸಿಯಾನೂ ಗಾಡಿ ತಗೊಂಡು ಹೋಗಿ ಬರ್ತೀವಿ. ನಾ ಈಕಿಗೆ ಮಾತು ಕೊಟ್ಟೀನಿ."

ಸಿಯಾ ಅವರ ಮೊಮ್ಮಗಳು. ಅಜ್ಜಿ ಕನ್ನಡದಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ ದಿನವೆಲ್ಲ ಜಗಳವಾಡುವ ಜೋಡಿ. "ಯೆಸ್! ವಿಥ್ ಅಜ್ಜಿ!" ಅಂತ ಅವಳು ಕೂಗಿದ್ದು ಸ್ಟಾಫರ್ಡಿಗೂ ಕೇಳಿಸಿತು.

ಆ ರಾತ್ರಿ ನಿರುಪಮಾಳಿಗೆ ಸರಿಯಾಗಿ ನಿದ್ದೆಯಿಲ್ಲ. ಬೆಳಗಾಗುವಾಗ ಎದ್ದು ಕಾಫಿಗೆ ಹಾಲಿಟ್ಟು ಫೋನನ್ನು ಮುಂದಿಟ್ಟುಕೊಂಡು ಕೂತಳು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು.

"ಮ್ಯಾಲೆ ಕುಂತೀವಿ ನೋಡವಾ" ಅಂದರು ಸರೋಜಮ್ಮ. ಜೀಪಿನವನು ಹಿಂದಿನಿಂದ ಬಳಸಿ ದಿಬ್ಬದ ನೆತ್ತಿಗೇ ತಂದು ಬಿಟ್ಟಿದ್ದನಂತೆ. "ಉಸುಕು ಹುರದ ರವಾ ಆಗ್ಯದ, ಬೆಚ್ಚಗ. ಜಮಖಾನಿ ಹಾಸೀನಿ, ಸಿಯಾ ಹಿಂದ ಕುಂತಾಳ. ಜಾರೂಣು?"

"ಅಮ್ಮಾ, ಮಂಡಿ..."

"ಮಂಡಿ ಏನು ಮಾಡ್ತದ, ಜಾರೂದು ಕುಂಡಿ!"

ನಿರುಪಮಾ ಗ್ಯಾಸ್ ಆರಿಸಿದಳು, ಫ್ಯಾನ್ ಆರಿಸಿದಳು. ಕಣ್ಣು ಮುಚ್ಚಿ ಫೋನಿಗೆ ಕಿವಿ ಹಚ್ಚಿದಳು. ಸರ್ರ್ ಅಂತ ಗಾಳಿ. ಸಿಯಾಳ ಕೇಕೆ, "ಓ ಮೈ ಗಾಡ್! ಆಂಟೀ, ಕ್ಯಾನ್ ಯೂ ಹಿಯರ್ ಇಟ್? ಇಟ್ಸ್ ಸೋ ಲೌಡ್!" ಮತ್ತೆ ಸರ್ರ್. ಮುದುಕಿಯ ನಗು, ಎಂಟು ವರ್ಷದ ಹುಡುಗಿಯ ನಗುವಿನ ಹಾಗೆ. ಅದರಾಚೆ ಏನೂ ಇಲ್ಲ. ಫೋನು ಮನುಷ್ಯರ ದನಿಯನ್ನು ಮಾತ್ರ ಹಿಡಿದು ಮರಳಿನ ದನಿಯನ್ನು ಗದ್ದಲವೆಂದು ಸೋಸಿ ಚೆಲ್ಲಿಬಿಟ್ಟಿತ್ತು.

"ಕೇಳಿಸ್ತೇನವಾ?"

"ಇಲ್ಲ ಅಮ್ಮಾ. ಹೇಗಿದೆ ಹೇಳಿ. ತಂಬೂರಿ ತರಹಾನಾ? ವಿಮಾನದ ತರಹಾನಾ? ಎಷ್ಟು ಹೊತ್ತು ಬಂತು? ನೀವು ನಿಂತ ಮೇಲೂ ಬರ್ತಿತ್ತಾ?"

ಸರೋಜಮ್ಮ ಏದುಸಿರು ಬಿಡುತ್ತ ಯೋಚಿಸಿದರು. "ಹೆಂಗ ಹೇಳ್ಲಿ? ಯಾರೋ ಬೀಸೂ ಕಲ್ಲು ತಿರುವ್ಯಾರ, ನಾ ಅದರ ಮ್ಯಾಲೆ ಕುಂತೀನಿ, ಹಂಗ. ನಾವು ನಿಂತ್ರೂ ಅದು ನಿಲ್ಲವಲ್ದು, ಗುಂಯ್ ಅಂತಿತ್ತು. ಕಿವಿಗಿಂತ ಮೊದಲ ಕುಂಡಿಗೆ ಗೊತ್ತಾಗ್ತದ, ಆಮ್ಯಾಲೆ ಹೊಟ್ಟಿಗೆ, ಆಮ್ಯಾಲೆ ಕಿವಿಗೆ. ಇದು ಫೋನಿನ್ಯಾಗ ಬರೂದಲ್ಲ ತಂಗಿ. ನೀನೇ ಬಂದು ಕೂಡಬೇಕು."

ಅವರು ಇನ್ನೊಮ್ಮೆ ಜಾರಬೇಕೆಂದು ಫೋನಿಟ್ಟರು. ನಿರುಪಮಾ ಕಣ್ಣೊರೆಸಿಕೊಂಡಳು, ಜೊತೆಗೆ ನಗುವೂ ಬಂತು. ಎಪ್ಪತ್ತು ದಾಟಿದ ಮಂಡಿನೋವಿನ ಹೆಂಗಸು ಜಾರುತ್ತಿದ್ದಾರೆ, ತಾನು ಅಡುಗೆಮನೆಯಲ್ಲಿ ಫ್ಯಾನ್ ಆರಿಸಿಕೊಂಡು ಕೂತಿದ್ದೇನೆ! ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಲ್ಯಾಪ್‌ಟಾಪು ತೆರೆದಳು.

ಶ್ರೀಕರ್ ಎದ್ದು ಬಂದಾಗ ಅವಳು ದೋಹಾದ ಮೂಲಕ ಬೆಂಗಳೂರಿಗೆ ಹೋಗುವ ವಿಮಾನ ನೋಡುತ್ತಿದ್ದಳು. "ಈಗ ಯಾರು ಹೊರಟಿರೋದು?" ಅಂತ ಕೇಳಿದ.

"ನಾನು."

ಅವನು ಕೂತ. ಅನಘಾಳ ವಿಷಯ ಹೇಳಿದ, ಇಂಟರ್‌ವ್ಯೂ ಡೇಟು ಸಿಗುವ ಕಷ್ಟ ಹೇಳಿದ, ತಿಂಗಳುಗಟ್ಟಲೆ ಬಾರದೆ ಹೋದರೆ ಅಂದ. ಅದೆಲ್ಲ ಅವಳಿಗೂ ಗೊತ್ತಿತ್ತು. ಸರೋಜಮ್ಮ ಜಾರಿದ್ದನ್ನೂ ಅವರು ಅಂದದ್ದನ್ನೂ ಒಂದೂ ಬಿಡದೆ ಅವನಿಗೆ ಹೇಳಿದಳು, ಹೆದರಿಕೆಯಾಗುತ್ತಿದೆ ಅಂತಲೂ ಬಾಯಿಬಿಟ್ಟೇ ಹೇಳಿದಳು. "ನೀವು ಇಲ್ಲೇ ಇರಿ, ನಿಮ್ಮ ಕೆಲಸಕ್ಕೆ ಏನೂ ಆಗ್ಬಾರ್ದು. ಸಿಕ್ಕಿಹಾಕ್ಕೊಂಡ್ರೆ ನಾನೊಬ್ಳೇ ಸಿಕ್ಕಿಹಾಕ್ಕೊಳ್ತೀನಿ. ಆದ್ರೆ ಇನ್ನೊಬ್ರು ನೋಡಿದ್ದನ್ನ ಕೇಳಿ ಕೇಳಿ ನನಗೆ ಸಾಕಾಗಿದೆ ರೀ."

ಅವನು ಎದ್ದು ಹೋಗಿ ಅವಳು ಆರಿಸಿದ್ದ ಗ್ಯಾಸನ್ನು ಮತ್ತೆ ಹಚ್ಚಿ, ಕಾಫಿ ಬೆರೆಸಿ ತಂದು ಅವಳ ಮುಂದಿಟ್ಟ. ಅವಳು ಪ್ರಯಾಣಿಕರ ಹೆಸರಿನ ಜಾಗದಲ್ಲಿ ಏಳು ವರ್ಷದಲ್ಲಿ ಮೊದಲ ಸಲ ತನ್ನ ಹೆಸರು ಟೈಪ್ ಮಾಡುತ್ತಿದ್ದಳು. ಅವನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ದಿಬ್ಬಕ್ಕೆ ಎಷ್ಟೊತ್ತಿಗೆ ಹೋಗ್ತೀಯ?"

"ಮಧ್ಯಾಹ್ನದ ಮೇಲೆ."

"ನಿಜವಾಗ್ಲೂ ಕುಂಡಿಗೇ ಮೊದ್ಲು ಕೇಳ್ಸುತ್ತಂತಾ?"

ನಿರುಪಮಾ ನಕ್ಕಳು. ನಗುತ್ತಲೇ, ಇಷ್ಟು ವರ್ಷ ಎಲ್ಲರ ಬಾಯಲ್ಲೂ ಕೇಳಿ ತಾನು ಮಾತ್ರ ಆಡದೇ ಉಳಿದಿದ್ದ ಆ ಮಾತನ್ನು ಹೇಳಿದಳು.

"ಹೋಗಿ ಬರ್ತೀನಿ. ಬಂದು ಹೇಳ್ತೀನಿ."