ಮೂರು ದಿನದ ಫ್ರೆಂಚ್ ಕಾನೂನು

ಮಂಗಳೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷ ವಾದ ಮಾಡಿದವಳು ನಾನು, ಹಫೀಝಾ. ಹಳೇ ತೀರ್ಪು ಕೈಯಲ್ಲಿಲ್ಲದೆ ಬಾಯಿ ತೆರೆದವಳೇ ಅಲ್ಲ. ಈಗ ದುಬೈಯ ಫೈನಾನ್ಶಿಯಲ್ ಸೆಂಟರಿನ ಒಂದು ಕಂಪನಿಯ ವಕೀಲೆ. ಗಂಡ ಅನ್ಸಿಫ್ ಮತ್ತು ಇಬ್ಬರು ಮಕ್ಕಳ ವೀಸಾ ನನ್ನ ಕೆಲಸದ ಮೇಲೆ ನಿಂತಿದೆ. ಈಚೆಗೆ ಆ ಕಂಪನಿಯನ್ನು ಪ್ಯಾರಿಸಿನವರು ಕೊಂಡುಕೊಂಡರು. ಆಜ್ಞೆ ಬಂತು: ಮೂರು ದಿನ ಫ್ರೆಂಚ್ ಕಾನೂನು ಕಲಿಯಿರಿ, ಪಾಸಾದವರಿಗೆ ಹೊಸ ಕರಾರು. ಫೇಲಾದವರ ಬಗ್ಗೆ ಏನೂ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಪಾಠಕ್ಕೆ ಪ್ಯಾರಿಸಿನಿಂದ ಕ್ಲಾರಾ ಮೇಡಂ ಬಂದರು. ಮೊದಲ ಪ್ರಶ್ನೆಗೇ ನಾನು ಎಂಟು ತೀರ್ಪು ಸುರಿದೆ. "ಸಂತೋಷ. ಯಾವ ಕಲಂ?" ಎಂದು ಕೇಳಿದರು. ಯಾ ಅಲ್ಲಾಹ್! ಅವರಲ್ಲಿ ಹಳೇ ತೀರ್ಪಿಗಿಂತ ಬರೆದಿಟ್ಟ ಕಲಮೇ ಮುಖ್ಯವಂತೆ, ಹನ್ನೊಂದು ವರ್ಷದ ವಿದ್ಯೆ ಅಲ್ಲಿಗೇ ಖಲಾಸ್.

ಮರುದಿನ ಮನೆ ಮಾರುವವನ ಉದಾಹರಣೆ. ಎದುರಿಗೇ ದೊಡ್ಡ ಕಟ್ಟಡ ಏಳಲಿದೆಯೆಂದು ಅವನಿಗೆ ಗೊತ್ತು, ಹೇಳಲಿಲ್ಲ. "ಸುಳ್ಳು ಹೇಳಿಲ್ಲವಲ್ಲ. ಕೊಳ್ಳುವವನು ಕೇಳಬೇಕಿತ್ತು," ಎಂದೆ. ಅವರು ತಲೆಯಾಡಿಸಿದರು. ಅಂಥ ಮುಖ್ಯ ಸಂಗತಿ ಗೊತ್ತಿದ್ದವನು ಸಹಿಗೆ ಮೊದಲೇ ಹೇಳಬೇಕಂತೆ, ಅದಕ್ಕೆ ಕಲಮೇ ಇದೆಯಂತೆ. ಇದೆಂಥ ಕಾನೂನಪ್ಪಾ, ನನ್ನ ಹೆತ್ತ ಉಮ್ಮನ ಬುದ್ಧಿಮಾತಿನ ಹಾಗಿದೆ ಎಂದು ನಕ್ಕೆ. ಆದರೆ ಇಷ್ಟವಾಯಿತು.

ಪರೀಕ್ಷೆಯಲ್ಲಿ ನಾನೇ ಮೊದಲು. ಮ್ಯಾನೇಜರ್ ಆಲ್ಫೋನ್ಸ್, ನಮ್ಮ ಮಂಗಳೂರಿನ ಕಂಕನಾಡಿಯವರೇ, ಹೊಸ ಕರಾರು ಚಾಚಿದರು. ಹಳೆಯದರಲ್ಲಿ ಮೂರು ತಿಂಗಳ ನೋಟಿಸು ಇತ್ತು, ಇದರಲ್ಲಿ ಒಂದೇ ತಿಂಗಳು. ಖುಷಿಯಲ್ಲಿ ಅದನ್ನು ಲೆಕ್ಕಿಸದೆ ಸಹಿ ಹಾಕಿದೆ.

ಸಹಿ ಹಾಕಿ ಹದಿನೈದು ದಿನಕ್ಕೆ ಕೆಲಸದಿಂದ ತೆಗೆಯುವ ನೋಟಿಸು ಬಂತು. ಆಫೀಸು ಅಬುಧಾಬಿಗೆ ಹೋಗುತ್ತದೆ, ಹೋಗುವವರ ಪಟ್ಟಿಯಲ್ಲಿ ನಾನಿಲ್ಲ. ಮಕ್ಕಳ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಆಲ್ಫೋನ್ಸರ ಕೋಣೆಗೆ ನುಗ್ಗಿದೆ.

"ಸೈನ್ ಹಾಕಿಸುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಎಂತಕ್ಕೆ ಹೇಳಲಿಲ್ಲ ಮಾರಾಯ್ರೆ?"

"ನೀವು ಕೇಳಲಿಲ್ಲ ಅಲ್ವಾ ಮೇಡಂ."

"ಕೇಳುವುದೆಂಥದ್ದು! ಅವರದೇ ಕಾನೂನಿನಲ್ಲಿ ಕಲಂ ಉಂಟು. ಕೇಸು ಹಾಕ್ತೇನೆ!"

ಆಲ್ಫೋನ್ಸ್ ಕರಾರಿನ ಕೊನೆಯ ಪುಟ ತೆರೆದು ನನ್ನತ್ತ ತಿರುಗಿಸಿದರು. ಈ ಕರಾರಿಗೆ ಇಂಗ್ಲಿಷ್ ಕಾನೂನು ಮಾತ್ರ ಅನ್ವಯ ಎಂದಿತ್ತು. ಕೇಳದವರಿಗೂ ಹೇಳಬೇಕೆಂಬ ಕಲಂ ಅದರಲ್ಲಿಲ್ಲ.

"ಪ್ಯಾರಿಸಿನವರಿಗೆ ನಾಚಿಕೆ ಇಲ್ವಾ? ನಮಗೆ ಅವರ ಕಾನೂನು ಕಲಿಸಿ, ಇಲ್ಲಿ ಇಂಗ್ಲಿಷರದ್ದು ಹಾಕುವುದಾ?"

"ಅವರು ಫ್ರೆಂಚೇ ಹಾಕಿದ್ರು," ಆಲ್ಫೋನ್ಸ್ ದನಿ ತಗ್ಗಿಸಿದರು. "ಪಾಠಕ್ಕೆ ಮುಂಚೆ ಈ ಹೊಸ ಕರಾರಿನ ನಮೂನೆ ತಿದ್ದಲಿಕ್ಕೆ ಕಳಿಸಿದ್ದು ನಿಮಗೇ ಅಲ್ವಾ? ಅಪರಿಚಿತ ಕಾನೂನು ನಂಬಲಿಕ್ಕಾಗುವುದಿಲ್ಲ ಅಂತ ನಾಲ್ಕು ಈಮೇಲ್ ಬರೆದು ಬದಲಾಯಿಸಿದ್ರಿ."

ಮಾಡಿದ್ದುಣ್ಣೋ ಮಹರಾಯ. ಎಲ್ಲಾದರೂ ಒಂದು ಸಂದು ಸಿಕ್ಕೀತೆಂದು ಆ ಸಾಲನ್ನು ಮೂರು ಸಲ ಓದಿದೆ. ಸಿಗಲಿಲ್ಲ, ಅಷ್ಟು ಗಟ್ಟಿಯಾಗಿ ಬರೆದಿದ್ದೆ.